ಮೂರು ರಾಜಧಾನಿ, ಒಂದು ಹೋಬಳಿ

ಪ್ರತಿವರ್ಷ ಮಾಗಿಯ ಚಳಿ ಬೀಳುವ ಹೊತ್ತಿಗೆ, ಸುಗ್ಗಿ ಮುಗಿದು ಹಳ್ಳಿಗಳು ಕೊಂಚ ಬಿಡುವಾಗುವ ದಿನಗಳಲ್ಲಿ, ನಮ್ಮ ನಾಡಿನ ಶಾಲೆಗಳಲ್ಲಿ ಪ್ರವಾಸದ ಸಡಗರ ಮೊದಲಾಗುತ್ತದೆ. ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಂಥ ಹೋಬಳಿ ಕೇಂದ್ರದಿಂದ ಹೊರಡುವ ಬಸ್ಸು ಬೆಳಗಿನ ಜಾವಕ್ಕೇ ಊರು ಬಿಡುತ್ತದೆ. ಮಕ್ಕಳ ಚೀಲದಲ್ಲಿ ಪುಳಿಯೋಗರೆಯ ಬುತ್ತಿ, ಹೊದೆಯಲೊಂದು ಶಾಲು, ಮೇಷ್ಟ್ರು ಹೇಳಿದರೆಂದು ತೆಗೆದುಕೊಂಡ ಒಂದು ನೋಟ್‌ಪುಸ್ತಕ. ಗುರಿ ಬಹುಮಟ್ಟಿಗೆ ಒಂದೇ: ರಾಜಧಾನಿ. ಕೈಯಲ್ಲಿ ಒಂದೇ ದಿನವಿದ್ದರೆ ಶ್ರೀರಂಗಪಟ್ಟಣ ಮತ್ತು ಮೈಸೂರು, ಇನ್ನೂ ಒಂದೆರಡು ದಿನ ದೊರೆತರೆ ಬೆಂಗಳೂರು. ಒಂದು ಕಾಲಕ್ಕೆ ರಾಜಧಾನಿಯಾಗಿದ್ದದ್ದು ಒಂದು, ಅರಸರ ರಾಜಧಾನಿ ಇನ್ನೊಂದು, ಇಂದಿನ ರಾಜಧಾನಿ ಮತ್ತೊಂದು. ಹೀಗೆ ನಮ್ಮ ಮಕ್ಕಳು ತಮಗೆ ತಿಳಿಯದೆಯೇ ಮುನ್ನೂರು ವರ್ಷಗಳ ರಾಜಕೀಯ ಚರಿತ್ರೆಯನ್ನು ಬಸ್ಸಿನ ಕಿಟಕಿಯಿಂದ ದಾಟಿ ಬರುತ್ತಾರೆ.

ಈ ಪ್ರವಾಸವನ್ನು ಬರಿಯ ವಿನೋದವೆಂದು ತಳ್ಳಿಹಾಕುವವರುಂಟು. ಬೇರೆ ಕೆಲವರು ಅದನ್ನು ಪಠ್ಯದ ಮುಂದುವರಿಕೆಯೆಂದು ಹೊಗಳುತ್ತಾರೆ. ನಾನು ಈ ಎರಡು ಮಾತುಗಳನ್ನೂ ಬದಿಗಿಟ್ಟು ಒಂದು ಪ್ರಶ್ನೆಯನ್ನು ಎತ್ತಬಯಸುತ್ತೇನೆ. ಸ್ಮಾರಕದ ಮುಂದೆ, ವಸ್ತುಸಂಗ್ರಹಾಲಯದ ಗಾಜಿನ ಮುಂದೆ ಸಾಲಾಗಿ ನಿಲ್ಲುವ ಈ ಮಕ್ಕಳು ಅಲ್ಲಿ ನೋಡುವುದು ಯಾರ ಇತಿಹಾಸವನ್ನು? ತಮ್ಮದನ್ನೋ, ಇತರರದನ್ನೋ? ಮಾರ್ಗದರ್ಶಿ ಒಪ್ಪಿಸುವ ಪಾಠದಲ್ಲಿ ಅರಸರಿರುತ್ತಾರೆ, ಯುದ್ಧಗಳಿರುತ್ತವೆ, ಬಂಗಾರದ ತೂಕವಿರುತ್ತದೆ, ಸಂತೆಮರಹಳ್ಳಿ ಇರುವುದಿಲ್ಲ. ಹಳ್ಳಿಯ ಹುಡುಗ ಪರರ ವೈಭವಕ್ಕೆ ಬಾಯಿಬಿಟ್ಟು ನಿಂತ ಅತಿಥಿಯಾಗಿ ಒಳಗೆ ಹೋಗುತ್ತಾನೆ, ಅತಿಥಿಯಾಗಿಯೇ ಹೊರಗೆ ಬರುತ್ತಾನೆ. ಚರಿತ್ರೆಯ ಸತ್ಯ ಇದಕ್ಕೆ ವಿರುದ್ಧವಾಗಿದೆ ಎಂಬುದೇ ನನ್ನ ಇಂದಿನ ಮಾತಿನ ಸಾರ. ಈ ರಾಜಧಾನಿಗಳ ಕಟ್ಟಡಕ್ಕೂ ಸಾಹಿತ್ಯಕ್ಕೂ ರೇಷ್ಮೆಗೂ ರಾಜಕೀಯಕ್ಕೂ ಈ ಸೀಮೆ ತನ್ನ ಪಾಲನ್ನು ಸಲ್ಲಿಸಿದೆ. ಅದನ್ನು ಮಕ್ಕಳಿಗೆ ಹೇಳುವವರು ಬೇಕು.

ಮೊದಲು ಶಾಲೆಯ ವಿಚಾರ. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು ಮುಂದಿಟ್ಟವರು ವಿದ್ಯಾ ಇಲಾಖೆಯಲ್ಲಿದ್ದ ಬೆಂಜಮಿನ್ ಲೂಯಿ ರೈಸ್. ಅದೇ ರೈಸ್ ಮುಂದೆ ಪ್ರಾಕ್ತನ ಇಲಾಖೆಯ ಹೊಣೆ ಹೊತ್ತು, ಊರೂರು ತಿರುಗಿ ಕಲ್ಲುಗಳ ಮೇಲಿನ ಅಕ್ಷರಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಮಹಾಸಂಪುಟಗಳನ್ನು ಹೊರತಂದರು. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅದರ ನಾಲ್ಕನೆಯ ಸಂಪುಟದಲ್ಲಿ ಸೇರಿದುವು. ಹಳ್ಳಿಯ ಮಗುವಿಗೆ ಅಕ್ಷರ ಕಲಿಸುವ ಕೆಲಸವನ್ನೂ ಹಳ್ಳಿಯ ಕಲ್ಲಿನ ಅಕ್ಷರ ಓದುವ ಕೆಲಸವನ್ನೂ ಒಬ್ಬನೇ ಮನುಷ್ಯ ಮಾಡಿದನೆಂಬುದು ಆಕಸ್ಮಿಕವಿರಬಹುದು. ಆದರೆ ಆ ಎರಡು ಕೆಲಸಗಳು ಒಂದಕ್ಕೊಂದು ಎಂದೂ ಭೇಟಿಯಾಗದೆ ಉಳಿದವೆಂಬುದು ಮಾತ್ರ ನಮ್ಮ ವಿದ್ಯಾಭ್ಯಾಸದ ಒಂದು ದೊಡ್ಡ ಕೊರತೆ. ಶಾಲೆ ಒಂದು ಕಡೆ ನಡೆಯಿತು, ಶಾಸನ ಇನ್ನೊಂದು ಕಡೆ ಉಳಿಯಿತು.

ಎರಡನೆಯದು, ರಾಜಧಾನಿ ಎಂಬ ಮಾತಿನ ಅರ್ಥ. ಸಂತೆಮರಹಳ್ಳಿಯ ಮಗುವಿಗೂ ಪಕ್ಕದ ಕೊಳ್ಳೇಗಾಲದ ಮಗುವಿಗೂ ಇಂದು ಒಂದೇ ರಾಜಧಾನಿ. 1956ರ ನವೆಂಬರ್ 1ಕ್ಕೆ ಮೊದಲು ಹಾಗಿರಲಿಲ್ಲ. ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿನ ಕನ್ನಡಿಗನಿಗೆ ರಾಜಧಾನಿ ಎಂದರೆ ಮದರಾಸು. ಯಳಂದೂರು ದಾಟಿದ ಕೂಡಲೇ ಸರ್ಕಾರ ಬೇರೆ, ಕಾನೂನು ಬೇರೆ. ನುಡಿ ಒಂದೇ, ಮಾದೇಶ್ವರನ ಹಾಡು ಒಂದೇ, ಆಳುವ ಊರು ಮಾತ್ರ ಎರಡು. ರಾಜಧಾನಿಗಳು ಬದಲಾಗುತ್ತವೆ ಎಂಬ ಪಾಠಕ್ಕೆ ಈ ಸೀಮೆಯ ಮಕ್ಕಳು ದೂರ ಹೋಗಬೇಕಾಗಿಯೇ ಇಲ್ಲ. ಒಂದು ಕಾಲಕ್ಕೆ ಗಂಗರು ಆಳಿದ ತಲಕಾಡು ಕಾವೇರಿಯ ಮರಳಿನಡಿ ಹೂತು ಇಲ್ಲೇ ಹತ್ತಿರದಲ್ಲಿ ಮಲಗಿದೆ.

ಇನ್ನು ಪ್ರವಾಸ. ನನ್ನನ್ನು ಕೇಳಿದರೆ ಅದು ಬಸ್ಸು ಏರುವುದಕ್ಕೂ ಮೊದಲು, ಜಿಲ್ಲೆಯೊಳಗೇ ಆರಂಭವಾಗಬೇಕು. ಇಂದಿನ ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿನ ಅರಸು ಮನೆತನದ ಒಬ್ಬ ಬಾಲಕನನ್ನು ಹೈದರಾಲಿ ಮೈಸೂರಿನ ಗಾದಿಗೆ ಆರಿಸಿದ ಕಥೆಯನ್ನು ಕರ್ನಲ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಹಲವು ಮಕ್ಕಳನ್ನು ಕೂಡಿಸಿ, ಅವರ ಮುಂದೆ ಆಟದ ಸಾಮಾನು, ಹಣ್ಣು, ಆಯುಧಗಳನ್ನು ಹರಡಿದರಂತೆ. ಉಳಿದ ಮಕ್ಕಳು ಬಣ್ಣದ ವಸ್ತುಗಳಿಗೆ ಕೈಚಾಚಿದರೆ, ಈ ಹುಡುಗ ಕಠಾರಿಯನ್ನು ಹಿಡಿದನಂತೆ. ಆತನೇ ಖಾಸಾ ಚಾಮರಾಜ ಒಡೆಯರು. ಕಥೆ ಎಷ್ಟರಮಟ್ಟಿಗೆ ನಿಜವೋ, ಮುಂದೆ ನಡೆದದ್ದು ಮಾತ್ರ ಕಥೆಯಲ್ಲ. ಕಠಾರಿ ಹಿಡಿದ ಮಗುವಿಗೆ ಅಧಿಕಾರ ಸಿಕ್ಕಲಿಲ್ಲ. ಹೆಸರಿಗೆ ಮಾತ್ರ ಅರಸರಾಗಿದ್ದು, 1796ರಲ್ಲಿ ಅವರು ತೀರಿಕೊಂಡರು. ಮೂರು ವರ್ಷಗಳ ನಂತರ ಅವರ ಐದು ವರ್ಷದ ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಬೆಳೆದ ಮೇಲೆ ಆ ಮಗ 1818ರಲ್ಲಿ ತಂದೆಯ ಹುಟ್ಟೂರಿಗೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆ ಹುಟ್ಟಿದ ತಾಣದಲ್ಲಿ ಜನನ ಮಂಟಪ ಎದ್ದಿತು. ಹೀಗೆ ಒಂದು ಇಡೀ ಊರೇ ಸ್ಮಾರಕವಾಯಿತು. ಅದರ ಹೆಸರನ್ನು ದಿನಕ್ಕೆ ಹತ್ತು ಸಲ ಬಸ್ಸಿನ ಫಲಕದ ಮೇಲೆ ಓದುವ ಮಕ್ಕಳಿಗೆ, ತಾವು ಓದುತ್ತಿರುವುದು ಒಬ್ಬ ಮಗ ತನ್ನ ತಂದೆಗೆ ಸಲ್ಲಿಸಿದ ಋಣವೆಂದು ಯಾರಾದರೂ ಹೇಳಬೇಡವೇ?

ಇದಕ್ಕೂ ಹಿಂದಿನ ಉದಾಹರಣೆ ಗುಂಡ್ಲುಪೇಟೆಯಲ್ಲಿದೆ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅಲ್ಲಿ ತೀರಿಕೊಂಡ ತಮ್ಮ ತಂದೆಯ ನೆನಪಿಗಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಶ್ರೀರಂಗಪಟ್ಟಣದ ಗುಂಬಜನ್ನು ಕಟ್ಟಿಸಿದವನೂ ತಂದೆಯನ್ನು ಕಳೆದುಕೊಂಡ ಮಗನೇ. 1782ರಲ್ಲಿ ಹೈದರಾಲಿ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನ್ ಅದನ್ನು ಕಟ್ಟಿಸಿದ. ತಂದೆತಾಯಿಯರ ಪಕ್ಕದಲ್ಲಿ ಈಗ ಅವನೂ ಮಲಗಿದ್ದಾನೆ. ಒಂದು ದೇವಾಲಯ, ಒಂದು ಗೋರಿ, ಒಂದು ಊರಿನ ಹೆಸರು. ಮತ ಬೇರೆ, ವಂಶ ಬೇರೆ, ಒಬ್ಬರ ರಾಜ್ಯವನ್ನು ಒಬ್ಬರು ಕಿತ್ತುಕೊಂಡ ಚರಿತ್ರೆಯೂ ನಡುವೆ ಇದೆ. ಆದರೂ ಮೂರರ ತಳದಲ್ಲಿರುವ ಭಾವ ಒಂದೇ. ಗುಂಬಜಿನ ಸುತ್ತಲಿನ ನುಣುಪಾದ ಕರಿಕಲ್ಲಿನ ಕಂಬಗಳನ್ನು ಸವರಿ ನೋಡುವ ಮಗುವಿಗೆ ಈ ಸಂಗತಿಯನ್ನು ಹೇಳಿದರೆ, ಮುಂದೆ ದೊಡ್ಡವರು ಆ ಹೆಸರುಗಳನ್ನು ಹಿಡಿದು ಜಗಳವಾಡುವಾಗ ಅದು ಸ್ವಲ್ಪ ನಿಧಾನಿಸಿ ಯೋಚಿಸೀತು.

ಶ್ರೀರಂಗಪಟ್ಟಣಕ್ಕೆ ಈ ಸೀಮೆಯಿಂದ ಬಹಳ ಹಿಂದೆಯೇ ಒಬ್ಬ ಹೆಣ್ಣುಮಗಳು ಹೋಗಿದ್ದಳು. ಯಳಂದೂರಿನ ಹೊನ್ನಮ್ಮ. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗ ಅವಳದು; ಆದ್ದರಿಂದ ಸಂಚಿಯ ಹೊನ್ನಮ್ಮ. ಆ ಊಳಿಗದ ನಡುವೆಯೇ ಆಕೆ ವಿದ್ಯೆ ಕಲಿತಳು, 'ಹದಿಬದೆಯ ಧರ್ಮ'ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ಪತಿವ್ರತೆಯ ನಡತೆಯನ್ನು ಹೇಳಹೊರಟ ಗ್ರಂಥದಲ್ಲಿಯೇ, ಹೆಣ್ಣೆಂದು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸುವ ಎದೆಗಾರಿಕೆ ಆಕೆಗಿತ್ತು. ಅದೇ ಅರಸರ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತನೂ ಯಳಂದೂರಿನವನೇ. ಸಂತೆಮರಹಳ್ಳಿಯ ಹೆಣ್ಣುಮಕ್ಕಳು ಕಾವೇರಿಯ ಸೇತುವೆ ದಾಟುವಾಗ ಈ ಹೆಸರನ್ನು ನೆನೆದರೆ ಸಾಕು, ಆ ದ್ವೀಪದ ಕೋಟೆ ಪರಸ್ಥಳವಾಗಿ ಉಳಿಯುವುದಿಲ್ಲ. ತಮ್ಮ ನೆರೆಯೂರಿನವಳೊಬ್ಬಳು ಅಲ್ಲಿಯ ಅರಮನೆಯಲ್ಲಿ ಕನ್ನಡ ಪದ್ಯ ಕಟ್ಟಿದ್ದಳೆಂಬ ಅರಿವು ಫಿರಂಗಿಗಳ ಎಣಿಕೆಗಿಂತ ಹೆಚ್ಚು ದಿನ ಬಾಳುತ್ತದೆ.

ಫಿರಂಗಿಗಳ ಮಾತೂ ಬರಬೇಕು, ಬಿಡುವಂತಿಲ್ಲ. 1799ರ ಮೇ 4ರಂದು ಕೋಟೆ ಬಿದ್ದಿತು. ಟಿಪ್ಪುವಿನ ದೇಹ ದೊರೆತ ಜಾಗದಲ್ಲಿ ಒಂದು ಸಣ್ಣ ಕಲ್ಲು ಮಾತ್ರವಿದೆ. ಆದರೆ ಕೋಟೆಗೋಡೆ ಒಡೆದು ಶತ್ರುಸೈನ್ಯ ನುಗ್ಗಿದ ದಿಕ್ಕಿನಲ್ಲಿ ಎತ್ತರವಾದ ಸ್ತಂಭವೊಂದು ನಿಂತಿದೆ. ಮುತ್ತಿಗೆಯಲ್ಲಿ ಕಂಪನಿಯ ಕಡೆ ಹೋರಾಡಿ ಮಡಿದವರ ನೆನಪಿಗೆ ಅದನ್ನು ನಿಲ್ಲಿಸಿದ್ದು ಮೈಸೂರು ಸರ್ಕಾರ, 1907ರಲ್ಲಿ. ಕೋಟೆಯನ್ನು ಕಾಯುತ್ತ ಸತ್ತ ಸಾಮಾನ್ಯ ಸಿಪಾಯಿಗಳ ಹೆಸರು ಹೇಳುವ ಕಲ್ಲು ಅಲ್ಲಿಲ್ಲ. ಇನ್ನೊಂದು ಕಡೆ, ದರಿಯಾ ದೌಲತ್ತಿನ ಪಡುಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಹರಡಿಕೊಂಡಿದೆ. ಅದರಲ್ಲಿ ಸೋತವರು ಇಂಗ್ಲಿಷರು. ಮಸುಕಾಗಿಹೋಗಿದ್ದ ಆ ಚಿತ್ರವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮತ್ತೆ ಬರೆಸಲು ಅಪ್ಪಣೆ ಮಾಡಿದವನು ಇಂಗ್ಲಿಷರ ಗವರ್ನರ್ ಜನರಲ್ ಡಾಲ್‌ಹೌಸಿಯೇ. ಸೋತವರ ನಾಡಿನ ಸರ್ಕಾರ ಗೆದ್ದವರಿಗೆ ಸ್ತಂಭ ನೆಟ್ಟಿತು; ಗೆದ್ದವರ ಅಧಿಕಾರಿ ತಮ್ಮ ಸೋಲಿನ ಚಿತ್ರವನ್ನು ಕಾಪಾಡಿದ. ಸ್ಮಾರಕಗಳು ಸತ್ತವರ ಬಗೆಗೆ ಹೇಳುವಷ್ಟೇ ಅವನ್ನು ನಿಲ್ಲಿಸಿದವರ ಕಾಲದ ಬಗೆಗೂ ಹೇಳುತ್ತವೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಎಲ್ಲಿ ದೊರೆತೀತು? ಟಿಪ್ಪುವಿನ ಲಾಲ್ ಮಹಲ್ ಅರಮನೆ ಈಗಿಲ್ಲ. ಅದರ ತೊಲೆಗಳು ಬೆಟ್ಟ ಹತ್ತಿ ಹೋಗಿ, 1831ರಲ್ಲಿ ಪ್ರಾರ್ಥನೆಗೆ ತೆರೆದ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತವು. ಗುಂಡ್ಲುಪೇಟೆಯ ಹಾದಿ ಹಿಡಿದು ಊಟಿಗೆ ಪ್ರವಾಸ ಹೋಗುವ ಶಾಲೆಗಳು ಆ ಅರಮನೆಯ ಉಳಿಕೆಯನ್ನು ಅಲ್ಲಿ ನೋಡಬಹುದು.

ಮೈಸೂರಿನಲ್ಲಿ ಮಕ್ಕಳ ಕಣ್ಣು ಮೊದಲು ಸೆಳೆಯುವುದು ಅರಮನೆ. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಹೊಸ ಅರಮನೆ 1912ರ ವೇಳೆಗೆ ಮುಗಿಯಿತು. 41 ಲಕ್ಷ ರೂಪಾಯಿಗೂ ಮೀರಿ ಖರ್ಚಾಯಿತು. ಈ ಅಂಕೆಗಳನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಅಂಬಾರಿಯನ್ನೂ ತೋರಿಸುತ್ತಾರೆ. ಅವರು ಹೇಳದೆ ಬಿಡುವ ಮಾತೆಂದರೆ, ಈ ಸಂಸ್ಥಾನದಲ್ಲಿ ಕಾಡಾನೆಗಳನ್ನು ಹಿಂಡುಹಿಂಡಾಗಿ ಖೆಡ್ಡಾಕ್ಕೆ ಕೆಡವುವ ಕೆಲಸವನ್ನು ಸ್ಯಾಂಡರ್ಸನ್ ಯಶಸ್ವಿಯಾಗಿ ನಡೆಸಿದ್ದು 1874ರಲ್ಲಿ, ಚಾಮರಾಜನಗರದ ಸೀಮೆಯಲ್ಲಿ. ಅಂಬಾರಿಯ ಬಂಗಾರ ಅರಮನೆಯದು, ಸರಿ. ಆನೆಯ ಚರಿತ್ರೆಯಲ್ಲಿ ನಮ್ಮ ಕಾಡಿಗೂ ಕಾಡಿನ ಜಾಡು ಬಲ್ಲ ಸೋಲಿಗರಂಥ ಜನಕ್ಕೂ ಪಾಲಿದೆ. ಅರಮನೆಯ ರೇಷ್ಮೆಯ ಕಥೆಯೂ ಹಾಗೆಯೇ. ಮೈಸೂರಿನಲ್ಲಿ ನೇಯ್ಗೆಯ ಕಾರ್ಖಾನೆ ಆರಂಭವಾದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆದರೆ ಸೀರೆ ಹುಟ್ಟುವುದು ಮಗ್ಗದ ಮೇಲಲ್ಲ, ಹಿಪ್ಪುನೇರಳೆ ತೋಟದಲ್ಲಿ. ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುವ ದುಡಿಮೆಯನ್ನು ಈ ಸೀಮೆಯ ಮನೆಮನೆಗಳು ಬಲ್ಲವು. ಸಂತೆಮರಹಳ್ಳಿಯಲ್ಲಿ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೇ ನೆಲೆನಿಂತಿತು. ಗಾಜಿನ ಹಿಂದಿನ ಜರತಾರಿಯನ್ನು ನೋಡಿ ಬೆರಗಾಗುವ ಹುಡುಗಿಗೆ, ಅದರ ಎಳೆಯ ಹುಟ್ಟನ್ನು ತಾನು ಮಾರ್ಗದರ್ಶಿಗಿಂತ ಚೆನ್ನಾಗಿ ಬಲ್ಲೆನೆಂಬ ಧೈರ್ಯ ಬರಬೇಕು.

ಆ ಧೈರ್ಯಕ್ಕೆ ಮೈಸೂರಿನಲ್ಲೇ ಒಂದು ಮನೆಯಿದೆ. ಅರಮನೆಗೆ ಬೆಂಕಿ ಬಿದ್ದಾಗ ಮದುವಣಗಿತ್ತಿಯಾಗಿದ್ದ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀವಿಲಾಸ ಮಹಲು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪಾಲಿಗೆ ಬಂದಿತು. 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯ ಅಲ್ಲಿ ನೆಲೆಗೊಂಡಿತು. ರಾಜಕುಮಾರಿಯ ಮಹಲಿನೊಳಕ್ಕೆ ರೈತನ ನೇಗಿಲು, ಬೀಸುಕಲ್ಲು, ತೊಗಲುಗೊಂಬೆ, ಬಯಲಾಟದ ಕಿರೀಟ ಬಂದು ಕುಳಿತ ಈ ಸಂಗತಿ ನಮ್ಮ ಶತಮಾನದ ಒಂದು ಮೌನ ಕ್ರಾಂತಿ. ಅರಮನೆಯನ್ನು ನೋಡುವ ಅವಸರದಲ್ಲಿ ಶಾಲೆಯ ಬಸ್ಸುಗಳು ಮಾನಸಗಂಗೋತ್ರಿಯ ಕಡೆಗೆ ತಿರುಗುವುದು ಕಡಮೆ. ತಿರುಗಬೇಕು. ಮಾದೇಶ್ವರನ ಗುಡ್ಡರ ಕಂಸಾಳೆ, ಮಂಟೇಸ್ವಾಮಿಯ ನೀಲಗಾರರ ತಂಬೂರಿ ವಿದ್ವಾಂಸನಿಗೆ ಸಂಶೋಧನೆಯ ವಸ್ತು; ಸಂತೆಮರಹಳ್ಳಿಯ ಮಗುವಿಗೆ ಅದು ಸೋದರಮಾವನ ಕೈಯಲ್ಲಿ ಕಂಡದ್ದು. ಸಂಗ್ರಹಾಲಯದಲ್ಲಿ ಆ ಮಗುವೇ ಮಾರ್ಗದರ್ಶಿ. ಉಪಾಧ್ಯಾಯರು ಹಿಂದೆ ಸರಿದು, ಆ ಮಗು ಮಾತನಾಡಲು ಬಿಟ್ಟರೆ, ಗಾಜಿನೊಳಗಿನ ವಸ್ತುವಿಗೆ ನಾಲಗೆ ಬಂದೀತು.

ಮೈಸೂರಿನ ಇನ್ನೆರಡು ತಾಣಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಸಂಶೋಧನಾಲಯದಲ್ಲಿ ತಾಳೆಗರಿಗಳ ರಾಶಿಯ ನಡುವೆ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಬಗೆಯ ಸಂಗ್ರಹದ ಕೆಲಸಕ್ಕೆ ಒಂದು ಶತಮಾನ ಮೊದಲೇ ಕೈಹಾಕಿದವರಲ್ಲಿ ಚಾಮರಾಜನಗರದ ಬಳಿಯ ಕನಕಗಿರಿಯ ಜೈನ ಪಂಡಿತ ದೇವಚಂದ್ರ ಒಬ್ಬ. ಕರ್ನಲ್ ಮೆಕೆಂಜಿ ನಾಡಿನ ಚರಿತ್ರೆಯ ಸಾಮಗ್ರಿಯನ್ನು ಕೂಡಿಹಾಕುತ್ತಿದ್ದಾಗ ಅವನಿಗೆ ನೆರವಾಗಿ, ಮುಂದೆ 'ರಾಜಾವಳೀ ಕಥೆ'ಯೆಂಬ ಬೃಹತ್ ಗದ್ಯಗ್ರಂಥವನ್ನು ಬರೆದ ಈತ, ಹಳ್ಳಿಯಲ್ಲಿದ್ದುಕೊಂಡೇ ಇತಿಹಾಸಕಾರನಾಗಬಹುದೆಂಬುದಕ್ಕೆ ಸಾಕ್ಷಿ. ಎರಡನೆಯದು ಜಗನ್ಮೋಹನ ಅರಮನೆ. ರವಿವರ್ಮನ ಚಿತ್ರಗಳನ್ನೂ, ಹಳದಣ್ಕರರ ದೀಪ ಹಿಡಿದ ಹೆಣ್ಣನ್ನೂ ನೋಡಲು ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅದೇ ಕಟ್ಟಡದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತೆಂಬುದನ್ನು ಯಾರೂ ಹೇಳುವುದಿಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ಮೊದಲ ಸಭೆ ಕರೆದಾಗ ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ಸೇರಿ 144 ಮಂದಿ. ಬಂದವರು ಅನುಕೂಲಸ್ಥರೇ ಹೊರತು ಬಡವರಲ್ಲ; ಕೇಳುವ ಹಕ್ಕಿತ್ತೇ ಹೊರತು ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೂ ತಾಲ್ಲೂಕಿನವನೊಬ್ಬ ರಾಜಧಾನಿಗೆ ಬಂದು ಕೈಮುಗಿಯುವ ಬದಲು ಬಾಯಿತೆರೆದದ್ದು ಅಂದಿನಿಂದ.

ಬೆಂಗಳೂರಿನ ದಾರಿ ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳ ಮೇಲೆ ಹೋಗುತ್ತದೆ. ಅಲ್ಲಿ ತಂತ್ರಜ್ಞಾನದ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕೆ ಮಕ್ಕಳ ಮೊದಲ ಓಟ. ಗುಂಡಿ ಒತ್ತಿದರೆ ತಿರುಗುವ ಚಕ್ರಗಳಿರುವಲ್ಲಿ ಅದು ಸಹಜ. ಅದರ ನೆರೆಯಲ್ಲೇ, ಕಸ್ತೂರಬಾ ರಸ್ತೆಯಲ್ಲಿ, ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. 1865ರಲ್ಲಿ ಆರಂಭವಾದದ್ದು, 1877ರಿಂದ ಈ ಕಟ್ಟಡದಲ್ಲಿರುವುದು. ಅದಕ್ಕೆ ಸೇರಿದ ಒಂದು ಕಲ್ಲಿನ ಮುಂದೆ ಮಾತ್ರ ಕಾಲು ನಿಲ್ಲಿಸಬೇಕೆಂದು ನಾನು ಉಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ಅದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಜೊತೆ ಕಾದಿದ ಮಣಲೇರ ಎಂಬ ವೀರನಿಗೆ, ಬೇಕಾದುದನ್ನು ಕೇಳು ಎಂದಾಗ ಅವನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕೆಲಲೆಯ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತುವು. ಮಣಲೇರ ತನ್ನ ನಾಯಿಗೆ ಕಲ್ಲು ನೆಟ್ಟ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುತ್ತದೆಂದು ಶಾಸನ ಎಚ್ಚರಿಸುತ್ತದೆ.

ಸಾವಿರ ವರ್ಷ ಹಳೆಯ ಈ ಕನ್ನಡ ಕಲ್ಲು ಸಾಮ್ರಾಜ್ಯದ ಯುದ್ಧವನ್ನೂ ಒಂದು ನಾಯಿಯ ಸಾವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ದಿನವೂ ಪೂಜೆ ಪಡೆಯಬೇಕೆಂದು ನೆಟ್ಟ ಕಲ್ಲು ಊರಿನಿಂದ ಕಿತ್ತು ರಾಜಧಾನಿಗೆ ಬಂದು ಸೇರಿತು. ಕಾಪಾಡಲೆಂದೇ ತಂದರು, ಅದು ನಿಜ. ತರದಿದ್ದರೆ ಉಳಿಯುತ್ತಿತ್ತೋ ಇಲ್ಲವೋ. ಆದರೆ ಅಲ್ಲಿ ಕಲ್ಲಿನ ಸುತ್ತ ಗೊರವನಿಲ್ಲ, ಬಿಟ್ಟ ಭೂಮಿಯಿಲ್ಲ, ಗುಡ್ಡವಿಲ್ಲ. ವಸ್ತುಸಂಗ್ರಹಾಲಯದ ಪ್ರತಿಯೊಂದು ಕಲ್ಲೂ ಯಾವುದೋ ಹಳ್ಳಿಯಿಂದ ಬಂದದ್ದು. ಆದುದರಿಂದಲೇ ಅದರ ಮುಂದೆ ನಿಲ್ಲುವ ಹಳ್ಳಿಯ ಮಗು ಅಲ್ಲಿ ಅತಿಥಿಯಲ್ಲ, ನಂಟ.

ವಿಧಾನಸೌಧಕ್ಕೆ ಬರೋಣ. 1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟರು. ಕೆಂಗಲ್ ಹನುಮಂತಯ್ಯನವರು ಅದರ ರೂಪವನ್ನೇ ಬದಲಿಸಿ, ಬಿ. ಆರ್. ಮಾಣಿಕ್ಕಂ ಅವರ ಕೈಯಲ್ಲಿ ಗುಡಿಗೋಪುರಗಳ ಛಾಯೆಯ ಕಲ್ಲಿನ ಸೌಧವಾಗಿ ಬೆಳೆಸಿದರು. 1956ರಲ್ಲಿ ಅದು ಪೂರ್ಣವಾಯಿತು. ಕಲ್ಲು ಕಡೆದವರಲ್ಲಿ, ಹೊತ್ತವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಚಾಮರಾಜನಗರ ತಾಲ್ಲೂಕಿನ ಆಲೂರಿನ ಬಿ. ರಾಚಯ್ಯನವರಂಥವರು ಇಲ್ಲಿ ಮಂತ್ರಿಗಳಾಗಿ ಕುಳಿತು, ಮುಂದೆ ಕೇರಳದ ರಾಜ್ಯಪಾಲರಾದರು. ಅಸ್ಪೃಶ್ಯತೆಯ ಬೇಗೆ ಕಂಡ ಸೀಮೆಯ ಮಕ್ಕಳಿಗೆ ಈ ಸಂಗತಿ ಸಣ್ಣದಲ್ಲ.

ಆದರೆ ಸಂತೆಮರಹಳ್ಳಿಯ ಹೆಸರನ್ನು ನಾಡಿನ ಚುನಾವಣಾ ಚರಿತ್ರೆಯಲ್ಲಿ ಶಾಶ್ವತಗೊಳಿಸಿದ್ದು ಇನ್ನೊಂದು ಘಟನೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರಿಗೆ ಬಂದ ಮತ 40,752, ಎ. ಆರ್. ಕೃಷ್ಣಮೂರ್ತಿಯವರಿಗೆ 40,751. ಗೆಲುವಿನ ಅಂತರ ಒಂದೇ ಒಂದು ಮತ. ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಇಬ್ಬರಿಗೆ ಹಂಚಿದ ಮತಗಳಲ್ಲಿ ಯಾವ ಒಂದು ಮತ ತೀರ್ಪು ಕೊಟ್ಟಿತು? ಹೊಲದಿಂದ ನೇರವಾಗಿ ಬಂದ ಕೂಲಿ ಹೆಂಗಸಿನದೋ, ಮೊಮ್ಮಗನ ಹೆಗಲು ಹಿಡಿದು ಬಂದ ಮುದುಕನದೋ? ಹೇಳಲು ಬರುವುದಿಲ್ಲ, ಪ್ರತಿಯೊಬ್ಬರದೂ ಅದೇ ಮತವಾಗಿರಬಹುದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಊರಿನ ಹೆಸರು ವಿಧಾನಸಭೆಯ ಪಟ್ಟಿಯಿಂದ ಅಳಿಸಿತು, ಆದರೆ ಆ ಒಂದು ಮತ ಅಳಿಸಲಿಲ್ಲ. ವಿಧಾನಸೌಧದ ಮೆಟ್ಟಿಲ ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳುವ ಮಕ್ಕಳಿಗೆ, ಈ ಸೌಧದ ಒಂದು ಪೀಠವನ್ನು ನಿಮ್ಮೂರಿನ ಒಂದು ಕೈಬೆರಳು ತೀರ್ಮಾನಿಸಿತ್ತೆಂದು ಹೇಳಿ ನೋಡಿ. ನಾಗರಿಕ ಶಾಸ್ತ್ರದ ಹತ್ತು ಪಾಠಗಳು ಹೇಳಲಾರದ್ದನ್ನು ಆ ಮಾತು ಹೇಳುತ್ತದೆ.

ಇಂದಿನ ಮಕ್ಕಳು ತಾವಾಗಿಯೇ ಕೇಳುವ ಒಂದು ತಾಣವುಂಟು: ಕಂಠೀರವ ಸ್ಟುಡಿಯೋದ ಆವರಣದಲ್ಲಿರುವ ಡಾ. ರಾಜ್‌ಕುಮಾರ್ ಸ್ಮಾರಕ. 2006ರ ಏಪ್ರಿಲ್ 12ರಂದು ತೀರಿಕೊಂಡ ಅವರ ಸಮಾಧಿಯ ಬಳಿ ಕಟ್ಟಿದ ಸ್ಮಾರಕವು 2014ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 2021ರಲ್ಲಿ ಅಗಲಿದ ಪುನೀತ್ ಕೂಡ ಅಲ್ಲಿಯೇ ಮಲಗಿದ್ದಾರೆ. ವಿದ್ಯಾವಂತರು ಕೆಲವರು ಇದನ್ನು ಸಿನಿಮಾ ಮೋಹವೆಂದು ನಗುವುದುಂಟು. ಆದರೆ ಮುತ್ತುರಾಜನೆಂಬ ಬಾಲಕ 1929ರಲ್ಲಿ ಹುಟ್ಟಿದ ಗಾಜನೂರು ಈ ಸೀಮೆಯ ಅಂಚಿನಲ್ಲಿದೆ. ಭಾಷಾವಾರು ವಿಂಗಡಣೆಯಲ್ಲಿ ಅದು ತಮಿಳುನಾಡಿಗೆ ಉಳಿದ ಕನ್ನಡದ ನೆಲ. ಗಡಿಯಾಚೆ ಉಳಿದ ಊರಿನಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದೆ, ನಾಟಕ ಕಂಪನಿಯ ಮೂಲಕ ರಾಜಧಾನಿಯನ್ನು ತಲಪಿದವನ ಸಮಾಧಿಗೆ ಈ ಸೀಮೆಯ ಮಕ್ಕಳು ಓಡುವುದರಲ್ಲಿ ಮೋಹಕ್ಕಿಂತ ಆಳವಾದ ಒಂದು ಗುರುತಿಸುವಿಕೆ ಇದೆ. ಅರಸನೊಬ್ಬನಿಗೆ ಮಗ ಕಟ್ಟಿದ ಸ್ಮಾರಕದಿಂದ ಹೊರಟು, ನಟನೊಬ್ಬನಿಗಾಗಿ ಎದ್ದ ಸ್ಮಾರಕದವರೆಗೆ ನಮ್ಮ ನಾಡು ನಡೆದು ಬಂದ ದಾರಿಯನ್ನು ಅಳೆಯುವುದಾದರೆ, ಇದೂ ಇತಿಹಾಸವೇ.

ಹಾಗಾದರೆ ಮಾಡಬೇಕಾದದ್ದೇನು? ಸರ್ಕಾರಿ ಶಾಲೆಯ ಮಕ್ಕಳಿಗಾಗಿ 'ಕರ್ನಾಟಕ ದರ್ಶನ'ದಂಥ ಯೋಜನೆಗಳು ಬಂದಿವೆ. ಬಡವರ ಮಕ್ಕಳೂ ರಾಜಧಾನಿ ನೋಡುವಂತಾದದ್ದು ಒಳ್ಳೆಯದೇ. ಆದರೆ ಒಂದು ದಿನದಲ್ಲಿ ಎಂಟು ತಾಣಗಳನ್ನು ಓಡಿಸಿಕೊಂಡು ಮುಗಿಸುವ ಪ್ರವಾಸದಲ್ಲಿ ಮಗುವಿಗೆ ಉಳಿಯುವುದು ಸಾಲಿನಲ್ಲಿ ನಿಂತ ಆಯಾಸ ಮಾತ್ರ. ತಾಣಗಳು ಕಡಮೆಯಾಗಲಿ, ಪ್ರಶ್ನೆಗಳು ಹೆಚ್ಚಾಗಲಿ. ಇದನ್ನು ನಿಲ್ಲಿಸಿದವರು ಯಾರು, ಯಾವಾಗ, ಯಾರ ಹೆಸರು ಇಲ್ಲಿಲ್ಲ, ಇದು ಯಾವ ಊರಿನಿಂದ ಬಂತು ಎಂಬ ನಾಲ್ಕು ಪ್ರಶ್ನೆಗಳನ್ನು ಆ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಂಡು ಹೊರಟರೆ ಸಾಕು. ಹಿಂದಿರುಗಿದ ಮೇಲೆ ಅದೇ ನಾಲ್ಕು ಪ್ರಶ್ನೆಗಳನ್ನು ತಮ್ಮ ಊರಿನ ಕಲ್ಲುಗಳಿಗೆ ಕೇಳಬೇಕು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ಮಹಾಸತಿಗಲ್ಲುಗಳು ಚರಂಡಿಯ ಅಂಚಾಗಿವೆ, ಜಗಲಿಯ ಮೆಟ್ಟಿಲಾಗಿವೆ. ಹೋಬಳಿಗೊಂದು ಶಾಲೆ ಬೇಕೆಂದವರೇ ಊರೂರಿನ ಕಲ್ಲುಗಳನ್ನೂ ಓದಿಸಿದ್ದರು. ಬೇರೆಬೇರೆಯಾಗಿ ಉಳಿದ ಆ ಎರಡು ಕೆಲಸಗಳನ್ನು ಒಂದೇ ತರಗತಿಯಲ್ಲಿ ಕೂಡಿಸುವುದು ಇಂದಿನ ಉಪಾಧ್ಯಾಯರಿಗೆ ಅಸಾಧ್ಯವೇನಲ್ಲ.

ಚಾಮರಾಜನಗರದ ಕರಿಕಲ್ಲು ಇಂದು ದೂರದೂರದ ದೇಶಗಳಿಗೆ ರಫ್ತಾಗುತ್ತದೆ. ಅಲ್ಲಿ ಅದು ನುಣುಪಾಗಿ, ಅಕ್ಷರ ಕೊರೆಸಿಕೊಂಡು, ಅಪರಿಚಿತರ ಸಮಾಧಿಗಳ ಮೇಲೆ ನಿಲ್ಲುತ್ತದೆ. ಜಗತ್ತಿಗೆ ನೆನಪಿನ ಕಲ್ಲನ್ನು ಒದಗಿಸುವ ನೆಲದ ಮಕ್ಕಳಿಗೆ ತಮ್ಮ ನೆಲದ ನೆನಪು ಇಲ್ಲದೆಹೋಗಬಾರದು. ರಾಜಧಾನಿಯನ್ನು ಅವರು ನೋಡಿ ಬರಲಿ, ಚೆನ್ನಾಗಿಯೇ ನೋಡಲಿ. ಅಲ್ಲಿ ತಮ್ಮವರ ಬೆವರು, ತಮ್ಮವರ ಪದ್ಯ, ತಮ್ಮವರ ಮತ ಎಲ್ಲೆಲ್ಲಿ ಸೇರಿದೆಯೆಂದು ಗುರುತಿಸಿ ಬರಲಿ.